ಡಲ್ಲಾಸಿನ ಎಲೆಕ್ಟ್ರಿಷಿಯನ್, ಊರಿನ ಎಆರ್‌ಟಿ ಕೇಂದ್ರ

ಗಲ್ಫಿಗೆ ಹೊರಡುವ ಮುನ್ನ ನಾವೆಲ್ಲ ರಕ್ತ ಕೊಟ್ಟು, ಎದೆಯ ಎಕ್ಸ್‌ರೇ ತೆಗೆಸಿಕೊಂಡೇ ಬಂದವರು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಕ್ಷಯ ಎಲ್ಲವೂ ಒಂದೇ ವರದಿಯಲ್ಲಿ ಬರುತ್ತವೆ. ವೀಸಾದವರಿಗೆ ಅದೊಂದು ಪಟ್ಟಿ ಅಷ್ಟೆ. ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ನಿಲ್ಲುವ ನಮಗೆ ಅವು ಒಂದೇ ಮೈಯಲ್ಲಿ ಒಟ್ಟಿಗೆ ಬಿಡಾರ ಹೂಡುವ ರೋಗಗಳು. ‘ಅನ್‌ಫಿಟ್’ ಎಂಬ ಕಾಗದ ಹಿಡಿದು ಊರಿಗೆ ಮರಳಿ, ನಾಚಿಕೆಯಿಂದ ಯಾವ ಡಾಕ್ಟರನ್ನೂ ನೋಡದೆ ಕೂರುವವರಿದ್ದಾರೆ. ಈ ಬರಹ ಅವರಿಗಾಗಿ, ಅವರ ರೂಮ್‌ಮೇಟ್‌ಗಳಿಗಾಗಿ.

ಈ ಔಷಧಗಳ ಮೊದಲ ದಿನಗಳು ಎಷ್ಟು ಕಷ್ಟದವು ಎಂದು ತಿಳಿಯಲು ಅಮೆರಿಕದ ಟೆಕ್ಸಾಸನ್ನು ನೋಡಬೇಕು. ಹ್ಯೂಸ್ಟನ್ ನಮ್ಮ ಗಲ್ಫಿನಂತೆಯೇ ಎಣ್ಣೆಯ ಊರು. ಅಲ್ಲಿ 1986ರಲ್ಲಿ ಏಡ್ಸ್ ರೋಗಿಗಳಿಗೆಂದೇ ಒಂದು ಆಸ್ಪತ್ರೆ ತೆರೆಯಿತು, ಆ ದೇಶಕ್ಕೇ ಮೊದಲನೆಯದು. ಬಂದವರಲ್ಲಿ ಬಿಲ್ ಕಟ್ಟಲಾಗದವರೇ ಹೆಚ್ಚು. ನಷ್ಟ ತಾಳದೆ 1987ರ ಕೊನೆಗೆ ಅದು ಮುಚ್ಚಿತು.

ಅದೇ ರಾಜ್ಯದ ಡಲ್ಲಾಸಿನಲ್ಲಿ ರಾನ್ ವುಡ್‌ರೂಫ್ ಎಂಬ ಎಲೆಕ್ಟ್ರಿಷಿಯನ್ ಇದ್ದ. ಎಚ್‌ಐವಿ ಬಂದ ಮೇಲೆ ಅವನು ಸುಮ್ಮನೆ ಸಾಯಲು ಒಪ್ಪಲಿಲ್ಲ. ಅಮೆರಿಕದಲ್ಲಿ ಮಂಜೂರಾಗದ ಔಷಧಗಳನ್ನು ಮೆಕ್ಸಿಕೋ ಮುಂತಾದ ಕಡೆಯಿಂದ ತರಿಸಿ, 1988ರಲ್ಲಿ ಸದಸ್ಯರಿಗೆ ಹಂಚುವ ಕ್ಲಬ್ ಮಾಡಿದ. 1992ರಲ್ಲಿ ತೀರಿಕೊಂಡ. 2013ರಲ್ಲಿ ಬಂದ ‘ಡಲ್ಲಾಸ್ ಬೈಯರ್ಸ್ ಕ್ಲಬ್’ ಸಿನಿಮಾ ಅವನದೇ ಕಥೆ.

ಸಿನಿಮಾ ನೋಡಿದವರು ಎಜಡ್‌ಟಿ ಎಂದರೆ ವಿಷ ಎಂದುಕೊಂಡು ಏಳುತ್ತಾರೆ. ಔಷಧದವರಾದ ನಮಗೆ ಇಲ್ಲೊಂದು ತಕರಾರಿದೆ. 1987ರ ಮಾರ್ಚಿನಲ್ಲಿ ಮಂಜೂರಾದ ಆ ಮೊದಲ ಔಷಧವನ್ನು ನಾಲ್ಕು ಗಂಟೆಗೊಮ್ಮೆ, ರಾತ್ರಿ ನಿದ್ದೆಯಿಂದ ಎಬ್ಬಿಸಿಯಾದರೂ ಕೊಡುತ್ತಿದ್ದರು, ದಿನಕ್ಕೆ 1200 ಮಿಲಿಗ್ರಾಂ. ರಕ್ತ ಸೊರಗಿ ಹೋಗುತ್ತಿತ್ತು. ಅರ್ಧ ಪ್ರಮಾಣವೇ ಸಾಕೆಂದು ಸಂಶೋಧನೆ ತೋರಿಸಿದ ಮೇಲೆ 1990ರಲ್ಲಿ ಅದನ್ನು 600ಕ್ಕೆ ಇಳಿಸಿದರು. ಅದೇ ಔಷಧ ಜಿಡೋವುಡಿನ್ ಎಂಬ ಹೆಸರಿನಲ್ಲಿ ನಮ್ಮ ಸರಕಾರಿ ಕೇಂದ್ರಗಳಲ್ಲೂ ವರ್ಷಗಟ್ಟಲೆ ಜೀವ ಉಳಿಸಿದೆ. ತಪ್ಪಿದ್ದು ಅಳತೆಯಲ್ಲಿ. ಇನ್ನೊಂದು ತೊಡಕೆಂದರೆ ಒಂದೇ ಔಷಧಕ್ಕೆ ವೈರಸ್ ಬೇಗ ಪಳಗಿಬಿಡುತ್ತದೆ. 1996ರ ಹೊತ್ತಿಗೆ ಮೂರನ್ನು ಸೇರಿಸಿ ಕೊಡತೊಡಗಿದ ಮೇಲೆಯೇ ಹಾಸಿಗೆ ಹಿಡಿದವರು ಎದ್ದು ಓಡಾಡಿದ್ದು.

ಹಾಗಾದರೆ ಗುಣವಾದಂತೆ ಕಂಡಾಗ ಮಾತ್ರೆ ನಿಲ್ಲಿಸಬಹುದೇ? ಈ ಪ್ರಶ್ನೆಯನ್ನೇ ‘ಸ್ಮಾರ್ಟ್’ ಎಂಬ ಅಧ್ಯಯನ ಕೈಗೆತ್ತಿಕೊಂಡಿತು. 33 ದೇಶ, 5,472 ಜನ. ಸಿಡಿ4 ಕಣ ಚೆನ್ನಾಗಿರುವಾಗ ಅರ್ಧ ಜನಕ್ಕೆ ಔಷಧ ನಿಲ್ಲಿಸಿ, ಇಳಿದಾಗ ಮತ್ತೆ ಕೊಟ್ಟರು. ನಿಲ್ಲಿಸಿದವರಲ್ಲಿ ಸಾವು ಹೆಚ್ಚಿತು. ಏಡ್ಸ್ ಅಷ್ಟೇ ಅಲ್ಲ, ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆಯೂ ಹೆಚ್ಚಿತು. 2006ರ ಜನವರಿಯಲ್ಲೇ ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಬೇಕಾಯಿತು. ಜೊತೆಗೆ ಹೆಪಟೈಟಿಸ್ ಬಿ ಇದ್ದವರಿಗಂತೂ ಇನ್ನೂ ಅಪಾಯ. ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ವೈರಸ್‌ಗಳನ್ನು ಹಿಡಿದಿಡುತ್ತವೆ. ಥಟ್ಟನೆ ಬಿಟ್ಟರೆ ಯಕೃತ್ತು ಉರಿದು ಕಾಮಾಲೆ ಏಳಬಹುದು.

ಆದರೆ ಎಚ್‌ಐವಿ ಇರುವವರನ್ನು ಎಲ್ಲಕ್ಕಿಂತ ಹೆಚ್ಚು ಕೊಲ್ಲುವುದು ಕ್ಷಯ. ಕೆಮ್ಮಿನ ಸಿರಪ್ ಕೇಳಿಕೊಂಡು ಒಬ್ಬರೇ ಮೂರನೇ ಸಲ ಕೌಂಟರಿಗೆ ಬಂದರೆ ನಾವು ಬಾಟಲಿ ಕೊಡುವುದಿಲ್ಲ, ಡಾಕ್ಟರ ಹತ್ತಿರ ಕಳಿಸುತ್ತೇವೆ. ಎರಡಕ್ಕೂ ಒಟ್ಟಿಗೆ ಔಷಧ ಕೊಡುವುದು ನಾಜೂಕಿನ ಕೆಲಸ. ಕ್ಷಯದ ರಿಫಾಂಪಿಸಿನ್ ಯಕೃತ್ತನ್ನು ಚುರುಕು ಮಾಡಿ, ಡೊಲುಟೆಗ್ರಾವಿರನ್ನು ಬೇಗ ಖಾಲಿ ಮಾಡಿಸುತ್ತದೆ. ಅದಕ್ಕೇ ದಿನಕ್ಕೊಂದರ ಬದಲು 12 ಗಂಟೆಗೊಂದರಂತೆ 50 ಮಿಲಿಗ್ರಾಂನ ಎರಡು ಮಾತ್ರೆ. ಈ ಮಾತ್ರೆಯನ್ನು ಹೊಟ್ಟೆಯುರಿಗೆ ತೆಗೆದುಕೊಳ್ಳುವ ಆಂಟಾಸಿಡ್ ಕೂಡ ಹಿಡಿದಿಟ್ಟುಬಿಡುತ್ತದೆ. ಎಚ್‌ಐವಿ ಮಾತ್ರೆ ಅದಕ್ಕಿಂತ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ನಂತರ. ಕ್ಯಾಂಪಿನ ಊಟ ತಿಂದು ಆಂಟಾಸಿಡ್ ನುಂಗುವುದು ನಮ್ಮವರಿಗೆ ಅಭ್ಯಾಸವೇ ಆಗಿರುವುದರಿಂದ ಇದನ್ನು ಬಿಡಿಸಿ ಬರೆದೆವು.

ಬೆಲೆಯ ಮಾತು ಬೇಗ ಮುಗಿಸೋಣ. ವರ್ಷಕ್ಕೆ 10 ಸಾವಿರ ಡಾಲರ್ ದಾಟುತ್ತಿದ್ದ ಮೂರು ಔಷಧಗಳ ಚಿಕಿತ್ಸೆಯನ್ನು 2001ರಲ್ಲಿ ಭಾರತದ ಸಿಪ್ಲಾ 350 ಡಾಲರಿಗೆ ಕೊಡುತ್ತೇನೆಂದಿತು. 2004ರ ಏಪ್ರಿಲ್ 1ರಂದು ಭಾರತ ಸರಕಾರ ಉಚಿತ ಚಿಕಿತ್ಸೆ ಆರಂಭಿಸಿದಾಗ ಮೊದಲ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಈಗ ಬೆಂಗಳೂರಿನ ಬೌರಿಂಗ್, ಮಂಗಳೂರಿನ ವೆನ್ಲಾಕ್ ಸೇರಿ ಜಿಲ್ಲೆ ಜಿಲ್ಲೆಯಲ್ಲೂ ಎಆರ್‌ಟಿ ಕೇಂದ್ರಗಳಿವೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಖಚಿತವಾದರೆ ಚಿಕಿತ್ಸೆ ಶುರು.

ಹೆಂಡತಿಗೆ ಹರಡೀತೆಂಬ ಭಯಕ್ಕೂ ಉತ್ತರ ಸಿಕ್ಕಿದೆ. ಚೆನ್ನೈ, ಪುಣೆಯ ದಂಪತಿಗಳೂ ಇದ್ದ ಒಂದು ಅಧ್ಯಯನದಲ್ಲಿ, ಬೇಗ ಚಿಕಿತ್ಸೆ ಶುರು ಮಾಡಿದರೆ ಸಂಗಾತಿಗೆ ದಾಟುವುದು ಶೇ. 96ರಷ್ಟು ಕಡಿಮೆಯಾಗುತ್ತದೆಂದು 2011ರಲ್ಲಿ ಕಂಡುಬಂತು.

ವೀಸಾದ ನಿಯಮ ನಮ್ಮ ಕೈಯಲ್ಲಿಲ್ಲ. ಊರಿನ ಕಾನೂನು ಮಾತ್ರ ರೋಗಿಯ ಕಡೆಗಿದೆ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಯಾರ ಸೋಂಕಿನ ಸುದ್ದಿಯನ್ನೂ ಹೊರಗೆ ಹೇಳುವಂತಿಲ್ಲ, ಅದರ ನೆಪದಲ್ಲಿ ಅನ್ಯಾಯವಾಗಿ ಕೆಲಸದಿಂದ ತೆಗೆಯುವಂತಿಲ್ಲ. ಊರಿಗಿಳಿದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1097ಕ್ಕೆ ಫೋನ್ ಮಾಡಿ; ಕರೆ ಉಚಿತ.