ಮಧ್ಯಸಾಲಿನವನ ದಣಿವು

ಬೇಸಗೆಯ ಸಂಜೆ ಹೊಸಪೇಟೆ, ಕಂಪ್ಲಿಗಳ ಮೈದಾನದಲ್ಲಿ ಕಾಲ್ಚೆಂಡಾಟದ ಮಧ್ಯಸಾಲಿನವನು ಕಳೆಗುಂದಿದರೆ ‘ಇವನ ಆಟ ಮುಗಿಯಿತು’ ಎಂದುಬಿಡುತ್ತೇವೆ. ಕಾಲನ್ನು ದೂರುವ ಮುನ್ನ ತಂಡದ ವ್ಯೂಹವನ್ನು ನೋಡಬೇಕು. ನಡುವೆ ಮೂವರಿದ್ದರೆ ಒಬ್ಬನು ಓಡುವಾಗ ಇನ್ನೊಬ್ಬನು ಉಸಿರು ತಿರುಗಿಸಿಕೊಳ್ಳಬಹುದು. ಇಬ್ಬರೇ ಆದರೆ ದಾಳಿಗೂ ರಕ್ಷಣೆಗೂ ಅವರೇ ಓಡಬೇಕು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರು ನಿಂತದ್ದು ಈ ನಡುಜಾಗದಲ್ಲೇ. ಆಗ ಬದಲಿ ಆಟಗಾರನನ್ನು ಇಳಿಸುವ ಅನುಕೂಲವೂ ಇರಲಿಲ್ಲ.

ದಣಿವು ಕಾಲಿಗಿಂತ ಮೊದಲು ಗಮನವನ್ನು ತಟ್ಟುವುದುಂಟು: ಚೆಂಡು ಬರುವ ಮುನ್ನ ಹಿಂದೆ ತಿರುಗಿ ನೋಡುವುದು ತಪ್ಪುತ್ತದೆ, ಪಾಸು ಅರೆಕ್ಷಣ ತಡವಾಗುತ್ತದೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಕ್ರೀಡಾಸಂಸ್ಥೆಯಲ್ಲಿ ಆಟಗಾರರ ದಣಿವನ್ನು ಉಪಕರಣಗಳಿಂದ ಅಳೆಯುವ ಏರ್ಪಾಡಿದೆ. ಊರ ತಂಡಕ್ಕೆ ಅಷ್ಟೆಲ್ಲ ಬೇಡ. ಮುಂದಿನ ಸಾಲಿನವನೊಬ್ಬನನ್ನು ಹತ್ತು ನಿಮಿಷ ನಡುವಿಗೆ ಇಳಿಸಿ ನೋಡಲಿ.