ಕೊಂಬಿನ ಸದ್ದಿಗೆ ಬರುವ ಮೃಗ

ತುಳುನಾಡಿನಲ್ಲಿ ಕೆಡ್ಡಸದ ದಿನಗಳಲ್ಲಿ ಊರಿನ ಗಂಡಸರು ಬೋಂಟೆಗೆ, ಎಂದರೆ ಬೇಟೆಗೆ, ಹೊರಡುತ್ತಿದ್ದ ಪದ್ಧತಿಯನ್ನು ವಾಚಕರಲ್ಲಿ ಹಿರಿಯರಾದವರು ಕೇಳಿಯೇ ಇರುವರು. ನಾಯಿಗಳ ಬೊಗಳುವಿಕೆಯಿಂದಲೂ ಜನರ ಕೂಗಾಟದಿಂದಲೂ ಪೊದೆಯೊಳಗಿನ ಮೃಗವನ್ನೆಬ್ಬಿಸಿ, ಆಯಕಟ್ಟಿನ ಸ್ಥಳದಲ್ಲಿ ಕಾದು ನಿಂತವನ ಕಡೆಗೆ ಅಟ್ಟುವುದು ಆ ಬೇಟೆಯ ಕ್ರಮ. ಅಲ್ಲಿ ಶಬ್ದವು ಮೃಗವನ್ನು ಬೆದರಿಸುವ ಸಾಧನ. ಆದರೆ ಶಬ್ದದಿಂದಲೇ ಮೃಗವನ್ನು ಸಮೀಪಕ್ಕೆ ಬರಮಾಡಿಕೊಳ್ಳುವ ಬೇಟೆಯೂ ಒಂದುಂಟು. ಉತ್ತರ ಅಮೆರಿಕದಲ್ಲಿ, ವಿಶೇಷವಾಗಿ ಟೆಕ್ಸಸ್ ಸಂಸ್ಥಾನದಲ್ಲಿ, ಬಿಳಿಬಾಲದ ಜಿಂಕೆಯನ್ನು ಬೇಟೆಯಾಡುವವರು ಈ ಉಪಾಯವನ್ನು ಒಂದು ಕಲೆಯೆಂಬಂತೆ ಬೆಳೆಸಿಕೊಂಡಿರುವರು.

ಅದರ ವಿಧಾನವು ಹೀಗಿರುವುದು. ಬೇಟೆಗಾರನು ಮುಂಜಾನೆ ಗಾಳಿಯ ದಿಕ್ಕನ್ನು ನೋಡಿಕೊಂಡು ಪೊದೆಯೊಂದರ ಮರೆಯಲ್ಲಿ ಕುಳಿತುಕೊಳ್ಳುವನು. ಕೈಯಲ್ಲಿ ಹಿಂದೆಂದೋ ದೊರೆತ ಕೊಂಬಿನ ಜೋಡಿ. ಮೊದಲು ಅವುಗಳನ್ನು ಮೆಲ್ಲನೆ ತಾಗಿಸಿ, ಬಳಿಕ ಕವಲಿಗೆ ಕವಲನ್ನು ಸಿಕ್ಕಿಸಿ ತಿರುಚಿ, ರಭಸದಿಂದ ಬಡಿಯುವನು. ನಡುನಡುವೆ ನೆಲವನ್ನು ಗುದ್ದಿ, ಪೊದೆಯ ಕೊಂಬೆಗಳನ್ನು ಉಜ್ಜಿ, ಎರಡು ಗಂಡುಮೃಗಗಳು ಕಾದಾಡುವಾಗಿನ ಸಕಲ ಧ್ವನಿಗಳನ್ನೂ ಅನುಕರಿಸುವನು. ಒಂದೆರಡು ನಿಮಿಷ ಹೀಗೆ ಮಾಡಿ ಕೆಲವು ನಿಮಿಷ ನಿಶ್ಶಬ್ದನಾಗಿರುವನು. ಸಮೀಪದಲ್ಲಿ ಗಂಡುಜಿಂಕೆಯಿದ್ದರೆ ಅದು ಒಮ್ಮೊಮ್ಮೆ ನೇರವಾಗಿ ನುಗ್ಗಿ ಬರುವುದು. ಅನುಭವಸ್ಥ ಮೃಗವಾದರೆ ಸುತ್ತು ಹಾಕಿ, ಗಾಳಿಯ ಕೆಳಮಗ್ಗುಲಿಗೆ ಬಂದು, ಮೂಸಿ ನೋಡುವುದು. ಕಿವಿಯು ಮೋಸಹೋದರೂ ಮೂಗು ಅಷ್ಟು ಸುಲಭವಾಗಿ ಮೋಸಹೋಗದು.

ಕಾದಾಟದ ಸದ್ದನ್ನು ಕೇಳಿದರೆ ದೂರ ಓಡಬೇಕಾದ ಪ್ರಾಣಿಯು ಬಳಿಗೇಕೆ ಬರುವುದು? ಇಬ್ಬರು ಗಂಡುಗಳು ಹೋರಾಡುವಲ್ಲಿ ಬೆದೆಗೆ ಬಂದ ಹೆಣ್ಣೊಂದು ಇರುವ ಸಂಭವವು ಹೆಚ್ಚು. ಅವರಿಬ್ಬರೂ ದಣಿದಾಗ ಮೂರನೆಯವನಿಗೆ ಅವಕಾಶ ದೊರೆತೀತು. ತನ್ನ ಸೀಮೆಯಲ್ಲಿ ಪರಕೀಯರು ಬಲವನ್ನು ಮೆರೆಯುವುದನ್ನು ಹಿರಿಯ ಮೃಗವು ಸಹಿಸದೆ ಬರುವುದೂ ಉಂಟು. ಟಗರುಗಳ ಕಾಳಗದ ನಡುವೆ ರಕ್ತವನ್ನು ನೆಕ್ಕಲು ಹೋಗಿ ಹತವಾದ ಪಂಚತಂತ್ರದ ನರಿಯ ನೆನಪು ನನಗೆ ಇಲ್ಲಿ ಬಾರದೆ ಇರದು. ೧೯೯೦ರ ದಶಕದಲ್ಲಿ ದಕ್ಷಿಣ ಟೆಕ್ಸಸಿನ ಸಂಶೋಧಕರು ಇದನ್ನು ಕ್ರಮವಾಗಿ ಪರೀಕ್ಷಿಸಿದರು. ೧೭೧ ಬಾರಿ ಕೊಂಬುಗಳನ್ನು ಬಡಿದುದಕ್ಕೆ ೧೧೧ ಗಂಡುಜಿಂಕೆಗಳು ಬಂದುವು. ಮೆಲುದನಿಗಿಂತ ಗಟ್ಟಿದನಿಗೆ ಬಂದುವುಗಳು ಹೆಚ್ಚುಕಡಿಮೆ ಮೂರು ಪಾಲು.

ಕೊಂಬು ಎಂಬ ಒಂದೇ ಮಾತಿನಿಂದ ನಾವು ಎರಡು ವಸ್ತುಗಳನ್ನು ಹೇಳುತ್ತೇವೆ. ಆಕಳಿಗೂ ಕೃಷ್ಣಮೃಗಕ್ಕೂ ಇರುವುದು ಎಲುಬಿನ ತಿರುಳಿನ ಮೇಲೆ ಉಗುರಿನಂತಹ ಪದಾರ್ಥದ ಕವಚ. ಅದು ಜೀವವಿರುವವರೆಗೆ ಬೀಳದು. ಕಡವೆಗೂ ಚುಕ್ಕೆಜಿಂಕೆಗೂ ಇರುವುದಾದರೋ ಶುದ್ಧ ಎಲುಬು. ಅದು ಬಿದ್ದು ಹೋಗಿ ಮತ್ತೆ ಮೊಳೆಯುವುದು. ಬೆಳೆಯುವಾಗ ಮಖಮಲ್ಲಿನಂತಹ ಚರ್ಮದಿಂದ ಮುಚ್ಚಿದ್ದು, ಒಳಗೆ ರಕ್ತ ಹರಿಯುತ್ತಿರುವುದು. ಬೆದೆಗಾಲವು ಸಮೀಪಿಸಲು ಚರ್ಮವು ಒಣಗಿ ಸುಲಿದು, ಗಟ್ಟಿಯಾದ ಕೊಂಬು ಹೊರಬೀಳುವುದು. ಸದ್ದು ಮಾಡುವುದು ಆ ಕೊಂಬೇ. ನಮ್ಮ ಆಲಂಕಾರಿಕರು ‘ಶೃಂಗಾರ’ ಶಬ್ದವನ್ನು ‘ಶೃಂಗ’ದಿಂದಲೇ ಸಾಧಿಸಿರುವರು, ವ್ಯಾಕರಣದ ಮಾತೇನೇ ಇರಲಿ, ಜಿಂಕೆಯ ವಿಷಯದಲ್ಲಿ ಅದು ಅಕ್ಷರಶಃ ಸತ್ಯ.

ಬಿಳಿಬಾಲದ ಜಿಂಕೆಯ ಗರ್ಭಕಾಲ ಸುಮಾರು ೨೦೦ ದಿನ. ಮರಿಯು ಮೇವು ಸಮೃದ್ಧವಾಗಿರುವ ಕಾಲದಲ್ಲಿ ಹುಟ್ಟಬೇಕಾದುದರಿಂದ ಶೀತದೇಶಗಳಲ್ಲಿ ಅದರ ಬೆದೆಯು ಹಗಲು ಕುಗ್ಗುವ ಕೆಲವೇ ವಾರಗಳಿಗೆ ಮೀಸಲು. ಕೊಂಬು ಬಡಿಯುವವನ ಸುಗ್ಗಿಯೂ ಅಷ್ಟೇ. ನಮ್ಮ ಚುಕ್ಕೆಜಿಂಕೆಗೆ ಅಂತಹ ಬಿಗಿಯಾದ ಕಟ್ಟಿಲ್ಲ. ಮಂಗಳೂರಿನ ಹೊರವಲಯದ ಪಿಲಿಕುಳಕ್ಕೆ ಮಕ್ಕಳನ್ನು ಕರೆದೊಯ್ಯುವವರು ಜಿಂಕೆಯ ಹಿಂಡಿನ ಗಂಡುಗಳ ತಲೆಯನ್ನು ಗಮನಿಸಬೇಕು. ಈ ಜಾತಿಯಲ್ಲಿ ಒಂದಕ್ಕೆ ಗಟ್ಟಿಕೊಂಬು, ಇನ್ನೊಂದಕ್ಕೆ ಚರ್ಮ ಹೊದೆದ ಎಳೆಗೊಂಬು, ಮತ್ತೊಂದಕ್ಕೆ ಬೋಳುತಲೆ, ಹೀಗೆ ಏಕಕಾಲದಲ್ಲಿ ಇರುವುದುಂಟು.

ಹಾಗೆಂದು ಗಂಡುಮೃಗದ ಮತ್ಸರವನ್ನೇ ಬಲೆಯಾಗಿ ಒಡ್ಡುವ ವಿದ್ಯೆಯು ನಮ್ಮವರಿಗೆ ಹೊಸದಲ್ಲ. ಹಳಗನ್ನಡದಲ್ಲಿ ‘ದೀವ’ ಎಂಬ ಮಾತೊಂದುಂಟು. ಕಾಡಿನ ಮೃಗವನ್ನು ಸೆಳೆಯುವುದಕ್ಕಾಗಿ ಪಳಗಿಸಿದ ಮೃಗವೆಂದು ಅದರ ಅರ್ಥ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯಾವಿನೋದದ ಪ್ರಕರಣವೊಂದಿದ್ದು, ಪಳಗಿದ ಮೃಗದಿಂದ ಮೃಗವನ್ನು ಹಿಡಿಯುವ ಬೇಟೆಯೂ ಅದರಲ್ಲಿ ಸೇರಿದೆ. ಅಕ್ಬರನ ಆಸ್ಥಾನದ ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ಇದರ ಇನ್ನೊಂದು ರೂಪವನ್ನು ಹೇಳಿರುವನು: ಪಳಗಿದ ಗಂಡಿನ ಕೊಂಬಿಗೆ ಬಲೆಯನ್ನು ಕಟ್ಟಿ ಕಾಡಿನ ಹಿಂಡಿನತ್ತ ಬಿಡುವರು, ಅಲ್ಲಿಯ ಗಂಡು ಇದರೊಡನೆ ಸೆಣಸಲು ಬಂದು, ಕೊಂಬೋ ಕಾಲೋ ಬಲೆಯಲ್ಲಿ ತೊಡರಿ ಸೆರೆಸಿಕ್ಕುವುದು. ಅಮೆರಿಕದವರು ಜೀವಂತ ಮೃಗದ ಬದಲು ಅದರ ಸದ್ದನ್ನು ಮಾತ್ರ ಕಳುಹಿಸುವರು. ಭೇದ ಇಷ್ಟೇ.

ಈ ಬೇಟೆಯು ನ್ಯಾಯವೇ ಎಂಬ ಪ್ರಶ್ನೆಯು ಸಹಜವಾಗಿ ಏಳುವುದು. ಮಹಾಭಾರತದ ಆದಿಪರ್ವದಲ್ಲಿ ಪಾಂಡುರಾಜನು ಮೈಥುನನಿರತವಾದ ಮೃಗದ್ವಂದ್ವಕ್ಕೆ ಬಾಣ ಬಿಡುವನು. ಗಂಡುಮೃಗವು ಕಿಂದಮನೆಂಬ ಋಷಿ. ರಾಜನು ಮೃಗಯೆ ಕ್ಷತ್ರಿಯರಿಗೆ ವಿಹಿತವೆಂದು ವಾದಿಸುವನು. ಋಷಿಯ ಉತ್ತರವು ಗಮನಾರ್ಹ. ಮೃಗವನ್ನು ಕೊಂದುದಕ್ಕೆ ಅವನು ನಿಂದಿಸುವುದಿಲ್ಲ. ಆ ಕ್ಷಣ ಮುಗಿಯುವವರೆಗೆ ಕಾಯದೆ ಹೋದುದಕ್ಕೆ ಶಪಿಸುವನು. ಕೊಂಬು ಬಡಿಯುವ ಬೇಟೆಗಾರನಾದರೋ ಆ ಕ್ಷಣವನ್ನೇ ಆರಿಸಿಕೊಳ್ಳುವನು. ಅವನ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳುಂಟು: ಮೃಗವು ಸಮೀಪಕ್ಕೆ ಬರುವುದರಿಂದ ಗುರಿ ತಪ್ಪಿ ಗಾಯಗೊಂಡು ನರಳುವುದು ಕಡಿಮೆ, ಹೆಣ್ಣುಜಿಂಕೆಗಳು ಉಳಿಯುವುವು, ಆ ದೇಶದಲ್ಲಿ ಜಿಂಕೆಗಳು ವಿಪುಲವಾಗಿದ್ದು ಬೇಟೆಯು ಪರವಾನಗಿಗೂ ನಿಯತಕಾಲಕ್ಕೂ ಒಳಪಟ್ಟಿದೆ. ಇವೆಲ್ಲವೂ ನಿಜ. ಆದರೂ ನನ್ನ ಮನಸ್ಸು ಕಿಂದಮನ ಕಡೆಗೇ ವಾಲುವುದು. ಹಸಿವಿನ ಆಸೆಯನ್ನು ತೋರಿಸಿ ಹಿಡಿಯುವುದಕ್ಕಿಂತ ಸಂತಾನದ ಆಸೆಯನ್ನು ತೋರಿಸಿ ಕೊಲ್ಲುವುದು ಹೆಚ್ಚು ಕ್ರೂರವೆಂದು ನನಗೆ ತೋರುತ್ತದೆ.

ನಮ್ಮ ದೇಶದಲ್ಲಿ ಈ ಚರ್ಚೆಯನ್ನು ಕಾನೂನು ಮುಗಿಸಿಬಿಟ್ಟಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ೧೯೯೧ರ ತಿದ್ದುಪಡಿಯೂ ಸೇರಿ ಕಡವೆ, ಚುಕ್ಕೆಜಿಂಕೆ, ಕಾಡುಕುರಿ, ಬರ್ಕ ಇವುಗಳಲ್ಲಿ ಯಾವುದನ್ನೂ ವಿನೋದಕ್ಕಾಗಿ ಬೇಟೆಯಾಡದಂತೆ ಮಾಡಿವೆ. ಕೊಲ್ಲುವುದು ಮಾತ್ರವಲ್ಲ, ಅಟ್ಟುವುದೂ ಆಮಿಷ ಒಡ್ಡುವುದೂ ಅವುಗಳ ಪ್ರಯತ್ನವೂ ಬೇಟೆಯೆಂದೇ ಎಣಿಸಲ್ಪಡುವುವು. ಹಳೆಯ ಗುತ್ತುಮನೆಗಳ ಚಾವಡಿಯಲ್ಲಿ ತಲೆಮಾರುಗಳಿಂದ ತೂಗುವ ಕಡವೆಯ ಕೊಂಬಿಗೆ ಕೂಡ ಒಡೆತನದ ಪ್ರಮಾಣಪತ್ರವಿರಬೇಕು, ಅದನ್ನು ಮಾರುವಂತಿಲ್ಲ. ಮನೆ ಪಾಲಾಗುವಾಗ ಇಂತಹ ವಸ್ತುವನ್ನು ಗೋಡೆಯಿಂದಿಳಿಸಿ ಯಾರಿಗಾದರೂ ಕೊಡುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಘಟ್ಟದ ಕಾಡಿನಲ್ಲಿ ತಾನಾಗಿ ಉದುರಿದ ಕೊಂಬನ್ನೂ ಎತ್ತಿಕೊಂಡು ಬರಬಾರದು. ಅದು ಅಲ್ಲಿ ವ್ಯರ್ಥವಾಗಿ ಬಿದ್ದಿರುವುದಿಲ್ಲ. ಮುಳ್ಳುಹಂದಿಗಳು ರಾತ್ರಿಯಲ್ಲಿ ಬಂದು ಅದನ್ನು ಕಡಿಯುವುವು. ಸುಣ್ಣದ ಅಂಶ ಬೇಕಾದಾಗ ಜಿಂಕೆಗಳೇ ಅದನ್ನು ಬಾಯಲ್ಲಿಟ್ಟು ಅಗಿಯುವುದುಂಟು.