ಗಾಳಿಗೆ ಬಾಗಿಲಿಟ್ಟ ಒಲೆ

ಮೂರು ಕಲ್ಲಿನ ಒಲೆಯ ಮುಂದೆ ಕೂತವರಿಗೆ ಉರಿ ಹೆಚ್ಚು ಕಡಿಮೆ ಮಾಡುವ ದಾರಿ ಸೌದೆಯೊಂದೇ. ಅನ್ನ ಉಕ್ಕಿ ಬಂದರೆ ಕೊಳ್ಳಿ ಹಿಂದಕ್ಕೆಳೆಯಬೇಕು, ಬೇಳೆ ಬೇಯದಿದ್ದರೆ ಒಳಕ್ಕೆ ತಳ್ಳಬೇಕು. ಹೊಗೆಯೆದ್ದರೆ ಊದುಗೊಳವೆ. ಗಾಳಿಯ ಮೇಲೆ ಯಾರ ಹಿಡಿತವೂ ಇಲ್ಲ. ಅದು ಸುತ್ತಲಿಂದ ಬೇಕಾದಷ್ಟು ನುಗ್ಗುತ್ತದೆ. ಒಂದು ಕೆ.ಜಿ. ಒಣ ಸೌದೆ ಪೂರ್ತಿ ಉರಿಯಲು ಸುಮಾರು 5 ಘನಮೀಟರ್ ಗಾಳಿ ಸಾಕು. ತೆರೆದ ಒಲೆ ಅದರ ಎಷ್ಟೋ ಪಟ್ಟು ಎಳೆದುಕೊಳ್ಳುತ್ತದೆ. ಆ ಹೆಚ್ಚುವರಿ ಗಾಳಿ ನಮ್ಮ ಸೌದೆಯ ಖರ್ಚಿನಲ್ಲಿ ಬಿಸಿಯಾಗಿ, ಪಾತ್ರೆಯ ಪಕ್ಕದಿಂದ ಹಾದು ಮಾಡಿಗೆ ಹೋಗುತ್ತದೆ. ಸೌದೆಯ ಶಾಖದಲ್ಲಿ ಪಾತ್ರೆಗೆ ದಕ್ಕುವುದು ಶೇ 10ರ ಸುಮಾರು.

ಈ ಲೆಕ್ಕವನ್ನು ಗಂಭೀರವಾಗಿ ತೆಗೆದುಕೊಂಡದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’. ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸಲೆಂದೇ ಕಟ್ಟಿದ ಘಟಕ ಅದು. ಅದರ ಹಿಂದಿದ್ದವರು ಎ.ಕೆ.ಎನ್. ರೆಡ್ಡಿ. ಓದಿನಿಂದ ಅವರು ವಿದ್ಯುತ್‌ರಸಾಯನ ವಿಜ್ಞಾನಿ, ಆಸಕ್ತಿ ಹಳ್ಳಿಯ ಇಂಧನದಲ್ಲಿ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಘಟಕದ ಕೇಂದ್ರವಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಯಾವ ಶಕ್ತಿ ಎಷ್ಟು ಬಳಕೆಯಾಗುತ್ತದೆಂದು ಅಳೆದಾಗ ಸಿಂಹಪಾಲು ಸೌದೆಯದೇ ಆಗಿತ್ತು. ಕೆ.ಎಸ್. ಜಗದೀಶ್, ಎಸ್.ಎಸ್. ಲೋಕ್ರಸ್ ಮೊದಲಾದವರ ಕೈಯಲ್ಲಿ ಎಂಬತ್ತರ ದಶಕದ ಆರಂಭಕ್ಕೆ ಒಂದು ಒಲೆ ಸಿದ್ಧವಾಯಿತು. ಜನ ಅದನ್ನು ಅಸ್ತ್ರ ಒಲೆ ಎಂದೇ ಕರೆದರು.

ನೋಡಲು ಉದ್ದನೆಯ ಮಣ್ಣಿನ ಕಟ್ಟೆ. ಸಾಲಾಗಿ ಮೂರು ಪಾತ್ರೆ ಕೂರುವ ಕುಳಿಗಳು, ಕೊನೆಯಲ್ಲಿ ಮಾಡು ದಾಟುವ ಹೊಗೆಗೊಳವೆ. ಗಮನಿಸಬೇಕಾದದ್ದು ಮೊದಲ ಪಾತ್ರೆಯ ಅಡಿಯಲ್ಲಿದೆ. ಸೌದೆ ನೆಲದ ಮೇಲಲ್ಲ, ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ. ಸೌದೆ ಹಾಕುವ ಬಾಯಿಗೊಂದು ತಗಡಿನ ಮುಚ್ಚಳ. ಅದನ್ನು ಮುಚ್ಚಿದ ಮೇಲೆ ಗಾಳಿಗಿರುವ ಮುಖ್ಯ ದಾರಿ ಬೂದಿಗುಂಡಿಯಿಂದ ಜಾಲರಿಯ ಸಂದುಗಳ ಮೂಲಕ ಮೇಲಕ್ಕೆ. ಪಾತ್ರೆಗಳೂ ಕುಳಿಗೆ ಬಿಗಿಯಾಗಿ ಕೂರಬೇಕು; ಸಡಿಲವಾದರೆ ಅಲ್ಲಿಂದಲೂ ಗಾಳಿ ಕಳ್ಳದಾರಿ ಹಿಡಿಯುತ್ತದೆ.

ಒಳಗೆ ನಡೆಯುವುದು ಎರಡು ಬೆಂಕಿಗಳ ಕೆಲಸ. ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಶೇ 80ರಷ್ಟು ಕಾದೊಡನೆ ಅನಿಲವಾಗಿ ಹೊರಡುತ್ತದೆ. ನಾವು ಜ್ವಾಲೆ ಎನ್ನುವುದು ಆ ಅನಿಲದ ಉರಿ. ಉಳಿದದ್ದು ಕೆಂಡ. ಕೆಂಡಕ್ಕೆ ಗಾಳಿ ಬುಡದಿಂದ ಬರಬೇಕು, ಅನಿಲಕ್ಕೆ ಜ್ವಾಲೆ ಇರುವಲ್ಲೇ ಸಿಗಬೇಕು. ಹೊಸ ಸೌದೆಯನ್ನು ಒಟ್ಟಿಗೇ ತುರುಕಿದರೆ ಅನಿಲ ಭರದಿಂದ ಏಳುತ್ತದೆ, ಗಾಳಿ ಸಾಲುವುದಿಲ್ಲ, ಉರಿಯದ ಭಾಗ ಹೊಗೆಯಾಗಿ ಹೋಗಿ ಗೋಡೆಯ ಇಲ್ಲಣವಾಗುತ್ತದೆ. ಬರೀ ಕೆಂಡ ಉಳಿದ ಹೊತ್ತಿಗೆ ಅಷ್ಟೇ ಗಾಳಿ ಬಿಟ್ಟರೆ, ಬೇಡದ ಗಾಳಿ ಪಾತ್ರೆಯನ್ನು ತಣ್ಣಗಾಗಿಸುತ್ತದೆ. ಆದ್ದರಿಂದ ಗೇಣುದ್ದದ ಸೀಳು ಸೌದೆಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಿರಬೇಕು. ತೀರಾ ಪುಳ್ಳೆಯಾದರೆ ಒಮ್ಮೆಲೇ ಭಗ್ಗೆನ್ನುತ್ತದೆ, ದಪ್ಪವಾದರೆ ಮುಚ್ಚಳ ಹಾಕಲಾಗುವುದಿಲ್ಲ. ಹಸಿ ಸೌದೆಯಂತೂ ತನ್ನೊಳಗಿನ ನೀರನ್ನು ಆವಿ ಮಾಡುವುದಕ್ಕೇ ಶಾಖ ತಿನ್ನುತ್ತದೆ.

ಹೊಗೆಗೊಳವೆ ಹೊಗೆ ಹೊರಹಾಕಲು ಮಾತ್ರ ಇರುವುದೆಂದು ಬಹಳ ಜನ ತಿಳಿದಿದ್ದಾರೆ. ಊದುಗೊಳವೆಯ ಕೆಲಸವನ್ನೂ ಅದೇ ಮಾಡುತ್ತದೆ. ಒಳಗಿನ ಬಿಸಿ ಅನಿಲ ಹಗುರ, ಹೊರಗಿನ ಗಾಳಿ ಭಾರ. ಈ ವ್ಯತ್ಯಾಸ ಜಾಲರಿಯ ಕೆಳಗಿನಿಂದ ಗಾಳಿ ಎಳೆಯುತ್ತದೆ. ಕೊಳವೆ ಎತ್ತರವಾದಷ್ಟೂ, ಬಿಸಿಯಾದಷ್ಟೂ ಸೆಳೆತ ಜಾಸ್ತಿ. ಉರಿ ಹೆಚ್ಚಿದರೆ ಸೆಳೆತ ಹೆಚ್ಚುತ್ತದೆ, ಸೆಳೆತ ಉರಿಯನ್ನು ಇನ್ನೂ ಹೆಚ್ಚಿಸುತ್ತದೆ. ಈ ಓಟಕ್ಕೆ ಕಡಿವಾಣ ಗಾಳಿಯ ಕಿಂಡಿಯ ಅಳತೆಯಲ್ಲೇ ಇದೆ. ಪ್ರಯೋಗಾಲಯದಲ್ಲಿ ಈ ಒಲೆ ಶೇ 40ರ ಆಸುಪಾಸಿನ ದಕ್ಷತೆ ಮುಟ್ಟಿತು. ಮನೆಯಲ್ಲಿ ಅದಕ್ಕಿಂತ ಕಡಿಮೆ, ಆದರೂ ಹಳೆಯ ಒಲೆಗಿಂತ ಬಹಳ ಮೇಲು.

ಎಡವಿದ್ದು ಬಳಕೆಯಲ್ಲಿ. ಮಾರುದ್ದದ ಸೌದೆ ಬಾಯಿಯಿಂದ ಹೊರಗೆ ಚಾಚಿದ್ದರೆ ಮುಚ್ಚಳ ಮೂಲೆ ಸೇರುತ್ತದೆ. ಆಗ ಹೊಗೆಗೊಳವೆ ತೆರೆದ ಬಾಯಿಯಿಂದಲೇ ಗಾಳಿ ಜಗ್ಗಿ ಉಳಿತಾಯವನ್ನೆಲ್ಲ ಆಕಾಶಕ್ಕೆ ಒಯ್ಯುತ್ತದೆ. ಹಾಗೆಂದು ಅಡುಗೆ ಮಾಡುವವರನ್ನು ದೂರುವುದು ನನಗೆ ಒಪ್ಪಿಗೆಯಲ್ಲ. ಹೊಲದ ಕೆಲಸ, ನೀರು, ದನಕರು ಎಲ್ಲ ಮುಗಿಸಿ ಬಂದವರು ಗೇಣುದ್ದಕ್ಕೆ ಸೌದೆ ಸೀಳುತ್ತ ಕೂರಬೇಕೆಂದರೆ, ಕೊಡಲಿ ಹಿಡಿಯಲು ಮನೆಯ ಗಂಡಸರೂ ಏಳಬೇಕಿತ್ತು.

ಅಡುಗೆಮನೆಗೆ ಗ್ಯಾಸ್ ಬಂದ ಮೇಲೂ ಮಲೆನಾಡಿನಲ್ಲಿ ಅಸ್ತ್ರ ಒಲೆ ಬಚ್ಚಲಲ್ಲಿ ಉಳಿದುಕೊಂಡಿದೆ. ಅಡಿಕೆ ಬೇಯಿಸುವ ಒಲೆಗೂ ಅದೇ ತತ್ವ ಬಂತು. ಬಚ್ಚಲಲ್ಲಿ ಗೆಲ್ಲಲು ಕಾರಣವಿದೆ. ಸಾರಿಗೆ ಒಂದು ಉರಿ, ರೊಟ್ಟಿಗೆ ಇನ್ನೊಂದು ಎಂಬ ಗೋಜಿಲ್ಲ. ನೀರು ಕಾದರಾಯಿತು. ತೋಟದ ಸೋಗೆ, ಹಾಳೆ, ಕರಟ ಏನು ಹಾಕಿದರೂ ನಡೆಯುತ್ತದೆ. ಬಿಸಿ ಅನಿಲ ಹಂಡೆಯ ತಳ ಮಾತ್ರವಲ್ಲ, ಮೈಯನ್ನೂ ಸವರಿ ಕೊಳವೆಗೆ ಹೋಗುವಂತೆ ಕಟ್ಟಿರುತ್ತಾರೆ.

ಭಾರತೀಯ ವಿಜ್ಞಾನ ಸಂಸ್ಥೆಯದೇ ಇನ್ನೊಂದು ಪ್ರಯೋಗಾಲಯದ ನೆರವಿನಿಂದ ಮುಂದೆ ‘ಊರ್ಜಾ’ ಎಂಬ ಒಲೆಯೂ ಮಾರುಕಟ್ಟೆಗೆ ಬಂತು. ಅದರಲ್ಲಿ ಗಾಳಿ ತಳ್ಳುವುದು ಪುಟ್ಟ ಫ್ಯಾನು; ಅದರ ವೇಗ ತಿರುಗಿಸಿದರೆ ಉರಿ ಏರಿಳಿಯುತ್ತದೆ. ಗಾಳಿಯ ಹಿಡಿತಕ್ಕೆ ಇದಕ್ಕಿಂತ ನೇರವಾದ ಉಪಾಯ ಇಲ್ಲ. ಆದರೆ ಅದಕ್ಕೆ ಕೃಷಿತ್ಯಾಜ್ಯದ ಅಚ್ಚುಗುಳಿಗೆಗಳನ್ನು ದುಡ್ಡು ಕೊಟ್ಟು ತರಬೇಕಿತ್ತು. ಹಿತ್ತಲಲ್ಲಿ ಬಿದ್ದ ಸೋಗೆಗೆ ಬೆಲೆ ಕಟ್ಟಬೇಕಿಲ್ಲವಲ್ಲ.

ಹೊಸದಾಗಿ ಬಚ್ಚಲೊಲೆ ಕಟ್ಟಿಸುವವರು ಮೇಸ್ತ್ರಿಯನ್ನು ಮೊದಲು ಕೇಳಬೇಕಾದದ್ದು ಜಾಲರಿಯ ವಿಷಯ. ‘ಅದೆಲ್ಲ ಯಾಕೆ, ನೆಲಕ್ಕೇ ಹಾಕೋಣ’ ಎಂದರೆ ಬೇರೆಯವರನ್ನು ಹುಡುಕಿ. ಹೊಗೆಗೊಳವೆ ಮಾಡಿನ ನೆತ್ತಿಗಿಂತ ಮೇಲಿರಲಿ, ಮಸಿ ಕೆರೆಯಲು ಬುಡದಲ್ಲೊಂದು ಕಿಂಡಿ ಇರಲಿ. ಕೊಳವೆಗೆ ಅಡ್ಡತಗಡು ಇಡಿಸಿದರೆ ಕೆಂಡ ಆರುವ ಮುನ್ನ ಅದನ್ನು ಪೂರ್ತಿ ಮುಚ್ಚಬಾರದು. ಗಾಳಿ ಸಾಲದ ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಬಾಗಿಲು ಹಾಕಿದ ಬಚ್ಚಲಲ್ಲಿ ಅದು ಜೀವ ತೆಗೆಯಬಲ್ಲದು.